ರುಫೆತೆ, ಹ್ವಾನ್ ಗಾರ್ಸಿಯಾ, ಪ್ರಿಯೆತೊ ಪಿಕುದೊ: ಮೂರು ಅಪರೂಪದ ಕೆಂಪು ವೈನುಗಳ ಹೋಲಿಕೆ

ಸ್ಪೇನಿನ ಕೆಂಪು ವೈನ್ ಕೇಳಿದವರಿಗೆ ಅಂಗಡಿಯವರು ಮೊದಲು ತೋರಿಸುವುದು ತೆಂಪ್ರನಿಯೊ ಎಂಬ ದ್ರಾಕ್ಷಿ ತಳಿಯ ಬಾಟಲಿಗಳನ್ನೇ. ವಾಯವ್ಯ ಸ್ಪೇನಿನ ಕಸ್ತೀಯಾ ಇ ಲೆಯೋನ್ ಪ್ರದೇಶದಲ್ಲಿ ಅದರ ನೆರಳಿನಲ್ಲೇ ಉಳಿದುಕೊಂಡು ಬಂದಿರುವ ಮೂರು ಸ್ಥಳೀಯ ತಳಿಗಳ ವೈನುಗಳನ್ನು ಒಟ್ಟಿಗೆ ರುಚಿ ನೋಡಿದ್ದೇನೆ. ಓಕ್ ಪೀಪಾಯಿಯ ವಾಸನೆ ತಳಿಯ ಗುಣವನ್ನು ಮುಚ್ಚಿಬಿಡಬಾರದೆಂದು ಎಳೆಯ ವೈನುಗಳನ್ನೇ ಆರಿಸಿ, ಒಂದೇ ಬಗೆಯ ಗಾಜಿನ ಲೋಟಗಳಲ್ಲಿ ಮೊದಲು ಏನೂ ತಿನ್ನದೆ, ಅನಂತರ ಊಟದೊಂದಿಗೆ, ಮಿಕ್ಕದ್ದನ್ನು ಮರುದಿನ ಸವಿದೆ.

ರುಫೆತೆ ಸಲಮಾಂಕಾ ನಗರದ ದಕ್ಷಿಣಕ್ಕಿರುವ ಬೆಟ್ಟಗಳ ತಳಿ. ಗಡಿಯಾಚೆ ಪೋರ್ಚುಗಲ್ಲಿನಲ್ಲಿಯೂ ಇದೆ. ಮಿರಾಂದಾ ದೆಲ್ ಕಸ್ತಾನ್ಯಾರ್‌ನಂತಹ ಹಳ್ಳಿಗಳ ಸುತ್ತ, ಗ್ರಾನೈಟ್ ಮತ್ತು ಸ್ಲೇಟ್ ನೆಲದ ಇಳಿಜಾರಿನಲ್ಲಿ, ಕಲ್ಲುಗೋಡೆ ಕಟ್ಟಿ ಮಾಡಿದ ಕಿರಿದಾದ ಮೆಟ್ಟಿಲು ತೋಟಗಳಲ್ಲಿ ಇದರ ಹಳೆಯ ಬಳ್ಳಿಗಳಿವೆ. ಸಿಪ್ಪೆ ತೆಳುವಾದ್ದರಿಂದ ವೈನಿನ ಬಣ್ಣವೂ ತೆಳು: ಲೋಟವನ್ನು ವಾರೆ ಮಾಡಿದರೆ ಅಂಚಿನಲ್ಲಿ ದಾಳಿಂಬೆ ರಸದ ಕೆಂಪು ಕಾಣುತ್ತದೆ, ಹಿಂದೆ ಹಿಡಿದ ಬೆರಳೂ ಕಾಣುತ್ತದೆ. ಇದನ್ನು ನೋಡಿ ವೈನು ನೀರಾಗಿದೆ ಎಂದುಕೊಳ್ಳುವವರಿದ್ದಾರೆ. ಆದರೆ ಮೂಗಿಗೆ ಬರುವ ಕೆಂಪು ಹಣ್ಣು, ಕಾಳುಮೆಣಸು ಮತ್ತು ಒಣಗಿದ ಹೂವಿನ ಘಮ ಉಳಿದೆರಡರಲ್ಲಿ ಇಷ್ಟು ಸ್ಪಷ್ಟವಾಗಿರಲಿಲ್ಲ. ಸುಮಾರು 14 ಡಿಗ್ರಿಗೆ ತಣ್ಣಗಾಗಿಸಿ, ಆ ಸೀಮೆಯದೇ ಆದ, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನ ಪುಡಿ ಹಾಕಿ ಕಿವುಚಿದ ಆಲೂಗಡ್ಡೆಯ ಜೊತೆ ಕುಡಿದಾಗ ಅದರ ಹುಳಿ ಎಣ್ಣೆಯ ಜಿಡ್ಡನ್ನು ಹಿತವಾಗಿ ಕತ್ತರಿಸಿತು. ಮರುದಿನಕ್ಕೆ ಮಾತ್ರ ಘಮ ಬಹುಪಾಲು ಇಳಿದಿತ್ತು.

ಹ್ವಾನ್ ಗಾರ್ಸಿಯಾ ಬೆಳೆಯುವುದು ದುಯೆರೊ ನದಿ ಪೋರ್ಚುಗಲ್ಲಿನ ಗಡಿಯಾಗಿ ಆಳವಾದ ಕಮರಿಯಲ್ಲಿ ಹರಿಯುವ ಅರ್ರಿಬೆಸ್‌ನಲ್ಲಿ. 2007ರಲ್ಲಿ ಈ ಪ್ರದೇಶಕ್ಕೆ ವೈನಿನ ಅಧಿಕೃತ ಮೂಲಸ್ಥಾನವೆಂಬ ಮನ್ನಣೆ ದೊರೆಯಿತು. ಅಲ್ಲಿನ ಫೆರ್ಮೊಸೆಯೆ ಊರಿನ ಮನೆಗಳಡಿ ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳಿವೆ. ರುಫೆತೆಗಿಂತ ಬಣ್ಣ ಗಾಢ, ಒಗರು ಮೆದು, ಹಣ್ಣಿನ ರುಚಿ ನೇರ. ದೂರುವಂಥದ್ದೇನೂ ಇಲ್ಲ, ನೆನಪಿನಲ್ಲಿ ಉಳಿಯುವಂಥದ್ದೂ ನನಗೆ ಹೆಚ್ಚು ಸಿಗಲಿಲ್ಲ.

ಲೆಯೋನ್ ನಗರದ ದಕ್ಷಿಣದ ಪ್ರಿಯೆತೊ ಪಿಕುದೊದ್ದು ಬೇರೆಯೇ ಸ್ವಭಾವ. ಗೊಂಚಲು ಬಿಗಿ, ತುದಿ ಚೂಪಾದ ಕಪ್ಪುನೀಲಿ ಹಣ್ಣು, ಹುಳಿಯೂ ಒಗರೂ ಜೋರು. ತೆರೆದ ಕೂಡಲೇ ಕುಡಿದರೆ ಒಸಡು ಹಿಡಿದಂತಾಗುತ್ತದೆ. ಮರುದಿನ ಅದೇ ಬಾಟಲಿ ಎಷ್ಟೋ ಹದಗೊಂಡು, ಮೂರರ ಪೈಕಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತ್ತು. ಮಾಂಸದೂಟ ಮಾಡುವವರಿಗೆ, ಮುಖ್ಯವಾಗಿ ಲೆಯೋನಿನ ಹೊಗೆಯಾಡಿಸಿದ ಒಣ ಗೋಮಾಂಸ ತಿನ್ನುವವರಿಗೆ, ಇದೇ ಸರಿಯಾದ ಆಯ್ಕೆ.

ನನ್ನ ಆಯ್ಕೆ ರುಫೆತೆ. ಅದನ್ನು ತೆರೆದ ದಿನವೇ ಮುಗಿಸುವಷ್ಟು ಜನ ಮನೆಯಲ್ಲಿರಬೇಕು, ಅಷ್ಟೇ. ಪ್ರಿಯೆತೊ ಪಿಕುದೊವನ್ನು ಮತ್ತೆ ಕೊಂಡರೆ ಕೆಂಪು ವೈನಿಗಿಂತ ಅದರ ರೋಸೆಯನ್ನೇ (ಗುಲಾಬಿ ಬಣ್ಣದ ವೈನ್) ಕೊಳ್ಳುತ್ತೇನೆ. ಹುದುಗುತ್ತಿರುವ ರಸಕ್ಕೆ ಇಡೀ ಗೊಂಚಲುಗಳನ್ನು ಹಾಕುವ ಅಲ್ಲಿನ ಹಳೆಯ ಪದ್ಧತಿಯಿಂದ ಹುದುಗು ನಿಧಾನವಾಗಿ ಮುಂದುವರಿದು, ನಾಲಿಗೆಗೆ ಚುರುಗುಟ್ಟುವಷ್ಟು ಅನಿಲ ವೈನಿನಲ್ಲೇ ಉಳಿಯುತ್ತದೆ, ಆ ತಳಿಯ ಜೋರು ಹುಳಿಗೆ ಅದು ಚೆನ್ನಾಗಿ ಒಪ್ಪುತ್ತದೆ.