ಬಾಳೆಲೆ, ಸ್ಟೀಲ್ ತಟ್ಟೆ, ಹಾಳೆ ತಟ್ಟೆ: ಕಲ್ಯಾಣ ಮಂಟಪದ ಹಿಂಬಾಗಿಲಿನಿಂದ ಒಂದು ಹೋಲಿಕೆ

ಮದುವೆಯ ಊಟಕ್ಕೆ ಯಾವ ತಟ್ಟೆ ಒಳ್ಳೆಯದು ಎಂದು ತಿಳಿಯಬೇಕಾದರೆ ಕೊನೆಯ ಪಂಕ್ತಿ ಎದ್ದ ಮೇಲೆ ಮಂಟಪದ ಹಿಂಬಾಗಿಲಿಗೆ ಹೋಗಿ ನಿಲ್ಲಬೇಕು. ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಮುದಾಯದ ಕಲ್ಯಾಣ ಮಂಟಪದಲ್ಲಿ ಅಡುಗೆಮನೆ ಮತ್ತು ಸ್ವಚ್ಛತೆಯ ಉಸ್ತುವಾರಿ ನನ್ನದು. ಒಂದು ಪಂಕ್ತಿಗೆ ಮುನ್ನೂರು ಜನ ಕೂರುವ ಊಟದ ಹಾಲ್ ನಮ್ಮದು. ಮುಹೂರ್ತದ ದಿನ ಸಾವಿರ ಜನ ಉಣ್ಣುವುದು ಸಾಮಾನ್ಯ. ಇಷ್ಟು ವರ್ಷಗಳಲ್ಲಿ ಬಾಳೆಲೆ, ಸ್ಟೀಲ್ ತಟ್ಟೆ, ಅಡಿಕೆ ಹಾಳೆಯ ತಟ್ಟೆ, ಕಾಗದದ ತಟ್ಟೆ ಎಲ್ಲವನ್ನೂ ಬಳಸಿ ನೋಡಿದ್ದೇವೆ. ತಟ್ಟೆಯ ಬೆಲೆಯ ಜೊತೆಗೆ, ಊಟ ಮುಗಿದ ರಾತ್ರಿ ಅದು ಎಲ್ಲಿಗೆ ಹೋಯಿತು, ಯಾರ ಕೈಯಿಂದ ಹೋಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಹೋಲಿಕೆಗೆ ಅರ್ಥ ಬರುತ್ತದೆ ಎಂಬುದು ನನ್ನ ನಂಬಿಕೆ.

ಕಾಗದದ ತಟ್ಟೆ ಮತ್ತು ಲೋಟ ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತವೆ. ಸಾರು ಸೋರದಂತೆ ಮಾಡಲು ಅವುಗಳ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಹಚ್ಚಿರುತ್ತಾರೆ. ಆ ಪದರದಿಂದಾಗಿ ಅದು ಗೊಬ್ಬರವೂ ಆಗುವುದಿಲ್ಲ, ಎಂಜಲು ಅಂಟಿದ್ದರಿಂದ ರದ್ದಿಗೂ ಹೋಗುವುದಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2016ರಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಆ ಜಾಗಕ್ಕೆ ಕಾಗದದ ವೇಷದಲ್ಲಿ ಪ್ಲಾಸ್ಟಿಕ್ ಮರಳಿ ಬಂದಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಮಾರುವ ಲೋಟಗಳ ಮಾತೂ ಹೆಚ್ಚು ಬೇರೆಯಲ್ಲ. ಅವು ಕರಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ದಿನಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಘಟಕ ಬೇಕು. ಮಂಟಪದ ಹಿಂದಿನ ಗೊಬ್ಬರದ ತೊಟ್ಟಿಯಲ್ಲಿ ಅವು ಹಾಕಿದ ಹಾಗೆಯೇ ಉಳಿಯುತ್ತವೆ.

ನಿಜವಾದ ಪೈಪೋಟಿ ಬಾಳೆಲೆಗೂ ಸ್ಟೀಲ್ ತಟ್ಟೆಗೂ ನಡುವೆ.

ಬಾಳೆಲೆಯ ಪರವಾಗಿ ಹೇಳಲು ಬಹಳವಿದೆ. ತೊಳೆಯುವ ನೀರು ಬೇಡ, ಸೋಪು ಬೇಡ, ಲೆಕ್ಕ ತಪ್ಪಿ ಕಳೆದುಹೋಗುವ ಭಯವಿಲ್ಲ. ಎಡತುದಿಯ ಉಪ್ಪಿನಿಂದ ಕೊನೆಯ ಮಜ್ಜಿಗೆಯವರೆಗೆ ನಮ್ಮ ಬಡಿಸುವ ಕ್ರಮವೇ ಎಲೆಯ ಅಗಲಕ್ಕೆ ಹೊಂದಿಕೊಂಡು ಬೆಳೆದದ್ದು. ಆದರೆ ನಗರದ ಮಂಟಪದಲ್ಲಿ ಎಲೆಯ ಕಥೆ ಹಳ್ಳಿಯ ಹಿತ್ತಲಿನಂತೆ ಮುಗಿಯುವುದಿಲ್ಲ. ಎಂಜಲೆಲೆಯನ್ನು ಹಾಗೆಯೇ ಗೊಬ್ಬರದ ತೊಟ್ಟಿಗೆ ಹಾಕಿದರೆ ಎಲೆಗಳು ಒಂದರ ಮೇಲೊಂದು ಚಾಪೆಯಂತೆ ಕೂತು ಗಾಳಿಯನ್ನೇ ತಡೆಯುತ್ತವೆ. ಎರಡನೆಯ ದಿನಕ್ಕೆ ನಾತ, ಮೂರನೆಯ ದಿನಕ್ಕೆ ಹುಳ. ಯಂತ್ರಕ್ಕೆ ಕೊಟ್ಟರೆ ಎಲೆಯ ದಿಂಡು ನಾರುನಾರಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ದಿಂಡು ಸೀಳಿ, ಎಲೆಯನ್ನು ಗೇಣುದ್ದ ಕತ್ತರಿಸಿ, ಒಣ ತರಗೆಲೆಯೊಂದಿಗೆ ಪದರ ಪದರವಾಗಿ ಹಾಕಿದರೆ ಮಾತ್ರ ಒಳ್ಳೆಯ ಗೊಬ್ಬರ ಸಿಗುತ್ತದೆ. ಈ ಕೆಲಸಕ್ಕೆ ಆಳು ಬೇಕು, ಜಾಗ ಬೇಕು. ಎಲೆಯ ಜೊತೆ ಟಿಶ್ಯೂ, ಐಸ್‌ಕ್ರೀಮ್ ಕಪ್ಪು, ಬೀಡಾದ ಹೊದಿಕೆ ಎಲ್ಲವನ್ನೂ ಸುತ್ತಿ ಮಡಚಿಡುವವರು ಪ್ರತಿ ಪಂಕ್ತಿಯಲ್ಲೂ ಇರುತ್ತಾರೆ. ಹಾಗೆ ಮಡಚಿದ ಎಲೆಯನ್ನು ಹಸುವಿಗೆ ಹಾಕುವುದು ಹಸುವಿಗೆ ಮಾಡುವ ದ್ರೋಹ. ಅದಕ್ಕೇ ಬಿಡಿಸಿ ನೋಡದೆ ಒಂದು ಎಲೆಯನ್ನೂ ಗೋಶಾಲೆಗೆ ಕಳಿಸಬಾರದೆಂದು ನಿಯಮ ಮಾಡಿದ್ದೇವೆ.

ಟೇಬಲ್ ಮೇಲೆ ಹಾಸುವ ಸುರುಳಿ ಕಾಗದದ ಮಾತನ್ನೂ ಇಲ್ಲೇ ಹೇಳಬೇಕು. ಕೆಲವು ಸುರುಳಿಗಳಿಗೆ ಪ್ಲಾಸ್ಟಿಕ್ ಲೇಪವಿರುತ್ತದೆ. ಕೆಳಗೆ ಅದನ್ನು ಹಾಸಿ ಮೇಲೆ ಬಾಳೆಲೆ ಹಾಕಿದರೆ ಪರಿಸರಕ್ಕೆ ಏನು ಉಪಕಾರವಾಯಿತು? ನಮ್ಮಲ್ಲಿ ಟೇಬಲ್ಲಿಗೆ ಗ್ರಾನೈಟ್ ಹಾಕಿಸಿ, ಪಂಕ್ತಿ ಎದ್ದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ.

ಸ್ಟೀಲ್ ತಟ್ಟೆಯ ವಿಷಯದಲ್ಲಿ ಎಲ್ಲರೂ ಎತ್ತುವ ಆಕ್ಷೇಪ ನೀರಿನದು. ಆಕ್ಷೇಪ ಹಗುರವಲ್ಲ. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಪಂಪಾಗಿ, ಎತ್ತರಕ್ಕೇರಿ ನಮ್ಮ ನಲ್ಲಿಗೆ ಬರುತ್ತದೆ. ಪ್ರತಿ ಕೊಡದಲ್ಲೂ ವಿದ್ಯುತ್ತು ಸೇರಿದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. ಆ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದಿದ್ದನ್ನು ನಾವು ಮರೆತಿಲ್ಲ. ಆದರೂ ನೀರಿನ ಖರ್ಚು ತೊಳೆಯುವ ರೀತಿಯ ಮೇಲೆ ನಿಂತಿದೆ. ನಲ್ಲಿಯನ್ನು ತೆರೆದಿಟ್ಟು ತೊಳೆಯುವುದಕ್ಕೂ ನಾಲ್ಕು ತೊಟ್ಟಿಯಲ್ಲಿ ತೊಳೆಯುವುದಕ್ಕೂ ಅಜಗಜಾಂತರ. ಮೊದಲು ಎಂಜಲನ್ನು ಒಣಗೈಯಲ್ಲೇ ಕೆರೆದು ಬಕೆಟ್ಟಿಗೆ ಹಾಕುತ್ತೇವೆ. ಒಂದು ತೊಟ್ಟಿಯಲ್ಲಿ ನೆನೆಸುವುದು, ಇನ್ನೊಂದರಲ್ಲಿ ಸೋಪು, ಮೂರನೆಯದರಲ್ಲಿ ಜಾಲಾಡುವುದು, ಕೊನೆಗೆ ಸೋಲಾರ್ ಬಿಸಿನೀರಿನಲ್ಲಿ ಅದ್ದಿ ಬೋರಲು ಹಾಕುವುದು. ಜಾಲಾಡಿದ ನೀರೇ ಮುಂದಿನ ಸುತ್ತಿಗೆ ನೆನೆಸುವ ನೀರಾಗುತ್ತದೆ.

ತಟ್ಟೆ ತೊಳೆಯುವವರು ಹೆಚ್ಚಾಗಿ ಹೆಂಗಸರು, ದಿನಗೂಲಿಯವರು. ಸ್ಟೀಲ್ ಆರಿಸಿಕೊಂಡ ಮಂಟಪ ಅವರಿಗೆ ನಿಂತು ತೊಳೆಯುವ ಎತ್ತರದ ಕಟ್ಟೆ, ಕೈಗವಸು, ಜಾರದ ನೆಲ, ಹೆಚ್ಚಿನ ಕೂಲಿ ಕೊಡಲೇಬೇಕು. ಅದನ್ನು ಕೊಡದೆ ಸ್ಟೀಲ್ ಅಗ್ಗ ಎನ್ನುವುದು ಅನ್ಯಾಯ.

ಸ್ವಂತ ತಟ್ಟೆ ಕೊಳ್ಳಲಾಗದವರಿಗೂ ಬೆಂಗಳೂರಿನಲ್ಲಿ ದಾರಿಯಿದೆ. ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತದೆ. ಪ್ರತಿ ಬಡಾವಣೆಗೂ ಇಂಥದ್ದೊಂದು ಇರಬೇಕು.

ಅಡಿಕೆ ಹಾಳೆಯ ತಟ್ಟೆ ನನಗೆ ಇಷ್ಟವಾದದ್ದು. ಮಲೆನಾಡು, ಕರಾವಳಿಯ ತೋಟಗಳಲ್ಲಿ ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಮರ ಕಡಿಯಬೇಕಿಲ್ಲ, ಅಂಟು ಬೇಕಿಲ್ಲ. ನಿಂತು ಉಣ್ಣುವವರಿಗೆ ಇದರಷ್ಟು ಗಟ್ಟಿಯಾದದ್ದು ಬೇರೆ ಸಿಗದು. ಆದರೆ ಬೆಲೆ ಹೆಚ್ಚು, ಗೊಬ್ಬರವಾಗಲು ತಿಂಗಳುಗಳು ಬೇಕು, ಮಳೆಗಾಲದಲ್ಲಿ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಹಾಳೆಯಲ್ಲಿರುವ, ದೇಹದ ಮೇಲೆ ಪರಿಣಾಮ ಬೀರುವ ಸಸ್ಯಜನ್ಯ ರಾಸಾಯನಿಕಗಳಾದ ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿ, ಇಂಥ ತಟ್ಟೆಗಳನ್ನು ಊಟಕ್ಕೆ ಬಳಸಬಾರದೆಂದಿತು. ನೂರಾರು ಸಣ್ಣ ಘಟಕಗಳ ಬದುಕು ಇದರಲ್ಲಿರುವುದರಿಂದ ನಮ್ಮಲ್ಲೇ ಗಂಭೀರ ಪರೀಕ್ಷೆ ನಡೆಯಬೇಕು. ಅಲ್ಲಿಯವರೆಗೆ ನಾವು ಅದರಲ್ಲಿ ಬಿಸಿ ಸಾರು, ಹುಳಿ ಬಡಿಸುವುದಿಲ್ಲ. ಕೋಸಂಬರಿ, ಒಣ ತಿಂಡಿಗೆ ಮಾತ್ರ ಇಟ್ಟುಕೊಂಡಿದ್ದೇವೆ.

ಈಗ ನಮ್ಮ ಏರ್ಪಾಡು ಹೀಗಿದೆ: ಮುಹೂರ್ತದ ಊಟಕ್ಕೆ ಬಾಳೆಲೆ, ಬೆಳಗಿನ ತಿಂಡಿಗೆ ಮತ್ತು ಆರತಕ್ಷತೆಗೆ ಸ್ಟೀಲ್. ಒಂದನ್ನೇ ಆರಿಸಬೇಕೆಂದರೆ ನಾನು ಸ್ಟೀಲ್ ಆರಿಸುತ್ತೇನೆ, ಏಕೆಂದರೆ ಹಿಂಬಾಗಿಲಿನಿಂದ ಹೊರಬೀಳುವುದು ಎಂಜಲು ಮಾತ್ರ. ಗೊಬ್ಬರಕ್ಕೆ ಜಾಗವಿರುವ, ನೀರು ಕಡಿಮೆಯಿರುವ ಊರಿನ ಮಂಟಪಕ್ಕೆ ಬಾಳೆಲೆಯೇ ಸರಿ.

ನೀರಿನ ಬಾಟಲಿಗೂ ಸ್ಟೀಲ್ ಲೋಟಕ್ಕೂ ಹೋಲಿಕೆಯೇ ಸಲ್ಲದು. 2022ರ ನಿಷೇಧದ ಪಟ್ಟಿಯಲ್ಲಿ ನೀರಿನ ಬಾಟಲಿ ಇಲ್ಲ. ಹಾಗಾಗಿ ಪ್ರತಿ ಎಲೆಯ ಮುಂದೆ 200 ಮಿ.ಲೀ. ಬಾಟಲಿ ಇಡುವುದು ಮರ್ಯಾದೆಯ ಸಂಗತಿಯಾಗಿಬಿಟ್ಟಿದೆ. ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳ ಮುಚ್ಚಳ ತೆಗೆದು ನೀರು ಚೆಲ್ಲುವುದೇ ನಮ್ಮವರಿಗೆ ಒಂದು ತಾಸಿನ ಕೆಲಸವಾಗುತ್ತಿತ್ತು. ಈಗ ಶೋಧಕದ ನೀರು, ಜಗ್ಗು, ಲೋಟ. ಲೋಟದ ಶುಚಿಯ ಬಗ್ಗೆ ಅನುಮಾನವಿದ್ದವರಿಗಾಗಿ ಬಿಸಿನೀರಿನ ತೊಟ್ಟಿಯನ್ನು ಊಟದ ಹಾಲಿನಿಂದ ಕಾಣುವಂತೆಯೇ ಇಟ್ಟಿದ್ದೇವೆ. ಆಮೇಲೆ ಯಾರೂ ಬಾಟಲಿ ಕೇಳಿಲ್ಲ.

ತಟ್ಟೆಗಿಂತ ದೊಡ್ಡ ವ್ಯತ್ಯಾಸ ಬರುವುದು ಬಡಿಸುವ ರೀತಿಯಿಂದ. ಬಫೆಯಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕೆಂಬ ಅಂಜಿಕೆಯಿಂದ ಜನ ಒಂದೇ ಸಲ ತಟ್ಟೆ ತುಂಬಿಕೊಳ್ಳುತ್ತಾರೆ, ಅರ್ಧ ಬಿಡುತ್ತಾರೆ. ಪಂಕ್ತಿಯಲ್ಲಿ ಬೇಡವೆಂದು ಕೈ ಅಡ್ಡ ಹಿಡಿಯುವ ಅವಕಾಶವಿದೆ, ಆದರೆ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ನಿಂತುಬಿಟ್ಟರೆ ಬಡಿಸುವವರು ಕೇಳುವ ವ್ಯವಧಾನ ಕಳೆದುಕೊಳ್ಳುತ್ತಾರೆ. ಆಗ ಎಲೆಯ ತುಂಬ ಅನ್ನ, ಮುಟ್ಟದ ಎರಡು ಸಿಹಿ. ನಮ್ಮಲ್ಲಿ ಫಲ ನೀಡಿದ್ದು ಮೂರು ಬದಲಾವಣೆ: ಪಂಕ್ತಿ ಎದ್ದು ಟೇಬಲ್ ಒರೆಸುವವರೆಗೆ ಬಾಗಿಲು ಮುಚ್ಚಿಡುವುದು, ಅನ್ನಕ್ಕೆ ಚಿಕ್ಕ ಸೌಟು, ಸಿಹಿಯನ್ನು ಕೇಳಿಯೇ ಬಡಿಸುವುದು. ಅಡುಗೆ ಕಂಟ್ರಾಕ್ಟರ್ ಹಣ ಪಡೆಯುವುದು ಎಲೆ ಲೆಕ್ಕದಲ್ಲಿ. ಬಡಿಸಿದ್ದು ಹೊಟ್ಟೆಗೆ ಹೋಯಿತೇ ತೊಟ್ಟಿಗೆ ಹೋಯಿತೇ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಈ ಮೂರನ್ನೂ ಮಂಟಪದ ಕರಾರಿನಲ್ಲೇ ಬರೆಸಿದ್ದೇವೆ.

ಉಳಿದ ಎಂಜಲಿಗೆ ಗೊಬ್ಬರವೋ ಬಯೋಗ್ಯಾಸೋ? ಅನ್ನ, ಸಾರು, ಪಲ್ಯಕ್ಕೆ ಬಯೋಗ್ಯಾಸ್ ಉತ್ತಮ. ನಾರಿನ ಎಲೆಗೆ ಗೊಬ್ಬರವೇ ಸರಿ. ನಿಂಬೆ ಹೋಳು ಹೆಚ್ಚಾದರೆ ಬಯೋಗ್ಯಾಸ್ ತೊಟ್ಟಿ ಹುಳಿಯಾಗಿ ಅನಿಲ ನಿಂತುಹೋಗುತ್ತದೆ. ಅದಕ್ಕೆ ಬೇರೆ ಬಕೆಟ್ ಇಡಬೇಕು. ಅನಿಲದ ಬಗ್ಗೆ ಅತಿಯಾದ ಆಸೆಯೂ ಬೇಡ: ಒಂದು ಘನಮೀಟರ್ ಬಯೋಗ್ಯಾಸ್ ಹೆಚ್ಚೆಂದರೆ ಅರ್ಧ ಕೆ.ಜಿ. ಎಲ್‌ಪಿಜಿಗೆ ಸಮ. 19 ಕೆ.ಜಿ.ಯ ಒಂದು ವಾಣಿಜ್ಯ ಸಿಲಿಂಡರ್ ಉಳಿಸಲು ಸುಮಾರು 40 ಘನಮೀಟರ್ ಬೇಕು. ನಮ್ಮಲ್ಲಿ ಅದು ಕಾಫಿ, ಹಾಲಿನ ಒಲೆಗೆ ಸಾಕಾಗುತ್ತದೆ. ಮದುವೆಯಿಲ್ಲದ ಆಷಾಢದಲ್ಲಿ ತೊಟ್ಟಿಗೆ ಉಣಿಸಲು ಏನೂ ಇರುವುದಿಲ್ಲ. ಆಗ ಅಕ್ಕಪಕ್ಕದ ಹೋಟೆಲುಗಳ ಹಸಿ ಕಸ ತರಿಸುತ್ತೇವೆ.

ಅಲಂಕಾರದಲ್ಲಿ ತೀರ್ಪು ಸುಲಭ. ಹೂ ಚುಚ್ಚುವ ಹಸಿರು ಸ್ಪಂಜು ಕೂಡ ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕರಗದು. ನಾರಿನಲ್ಲೋ ಹತ್ತಿಯ ದಾರದಲ್ಲೋ ಕಟ್ಟಿದ ಹಾರ, ಬಾಳೆ ಕಂದು, ಮಾವಿನ ತೋರಣ ನೇರವಾಗಿ ಗೊಬ್ಬರದ ತೊಟ್ಟಿಗೆ ಹೋಗುತ್ತವೆ. ನೈಲಾನ್ ದಾರದ ಹಾರ ತಂದ ಅಲಂಕಾರದವರು ಅದನ್ನು ತಾವೇ ಬಿಚ್ಚಿ ಒಯ್ಯಬೇಕು. ಒಯ್ಯುವವರೆಗೆ ಅವರ ಮುಂಗಡ ನಮ್ಮ ಕಚೇರಿಯಲ್ಲಿರುತ್ತದೆ.