ವಾರ್ಡಿನಲ್ಲಿ 11 ರಾತ್ರಿ: ದಿಂಬಿನಡಿಯ ಸ್ಪೀಕರ್ ಬಳಸಿ ಕಂಡದ್ದು

ಕಳೆದ ಚಳಿಗಾಲದಲ್ಲಿ ನಮ್ಮ ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು, ಹುಬ್ಬಳ್ಳಿಯ ಆಸ್ಪತ್ರೆಯೊಂದರ ಆರು ಹಾಸಿಗೆಗಳ ವಾರ್ಡಿನಲ್ಲಿ 11 ರಾತ್ರಿ ಇರಬೇಕಾಯಿತು. ಆಕೆಗೆ 76 ವರ್ಷ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾನಿಟರಿನ ಬೀಪ್ ಸದ್ದು, ಸ್ಟ್ರೆಚರಿನ ಗಾಲಿ, ಪಕ್ಕದ ಹಾಸಿಗೆಯ ನರಳಾಟ, ಇವುಗಳ ನಡುವೆ ಕಣ್ಣು ಮುಚ್ಚುವುದೇ ಕಷ್ಟವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ರಾತ್ರಿಯ ವಾರ್ಡಿನೊಳಗೆ ಸದ್ದು ಸರಾಸರಿ 30 ಡೆಸಿಬಲ್ ಮೀರಬಾರದೆಂದು ಹೇಳಿದೆ. ಅದು ಹೆಚ್ಚೂಕಡಿಮೆ ಪಿಸುಮಾತಿನಷ್ಟು ಸದ್ದು.

ಅವ್ವನಿಗೆ ಹಾಡು ಕೇಳಿಸಲೆಂದು ಮೊದಲ ದಿನ ನಾನು ಒಯ್ದದ್ದು ಮನೆಯಲ್ಲಿದ್ದ ಪುಟ್ಟ ಬ್ಲೂಟೂತ್ ಸ್ಪೀಕರ್. ಹತ್ತು ನಿಮಿಷವೂ ಆಗಿರಲಿಲ್ಲ, ಅವ್ವನೇ ತಡೆದಳು: "ಬ್ಯಾಡಪಾ, ಬಂದ್ ಮಾಡು, ಬಾಜೂದಾಕಿ ಈಗರ ಕಣ್ಣು ಮುಚ್ಯಾಳ." ಇಯರ್‌ಫೋನು ಕೊಟ್ಟರೆ ಮಗ್ಗುಲು ಬದಲಿಸಲಾಗದೆ ಮಲಗಿದವಳ ಕಿವಿಗೆ ಅದು ಒತ್ತುತ್ತಿತ್ತು. ಮರುದಿನ ಕೊಪ್ಪೀಕರ್ ರಸ್ತೆಯ ಅಂಗಡಿಯೊಂದರಲ್ಲಿ 650 ರೂಪಾಯಿಗೆ ಸಿಕ್ಕಿದ್ದು, ಹಪ್ಪಳದಂತೆ ಚಪ್ಪಟೆಯಾದ, ಅಂಗೈಯಗಲದ, ವೈರಿನ ಸ್ಪೀಕರ್. ಪೆಟ್ಟಿಗೆಯ ಮೇಲೆ ತಯಾರಕರ ಹೆಸರೇ ಇರಲಿಲ್ಲ. ಇದನ್ನು ದಿಂಬಿನ ಕೆಳಗಿಟ್ಟರೆ ತಲೆಯಿಟ್ಟವರ ಕಿವಿಗೆ ಹಾಡು ಸ್ಪಷ್ಟವಾಗಿ ಕೇಳುತ್ತದೆ, ಎರಡು ಹೆಜ್ಜೆ ಆಚೆ ನಿಂತವರಿಗೆ ಕೇಳುವುದಿಲ್ಲ. ಈ ಒಂದೇ ಗುಣಕ್ಕಾಗಿ ನಾನು ಇದನ್ನು ಮನಸಾರೆ ಹೊಗಳುತ್ತೇನೆ. ನಡುರಾತ್ರಿ ಬಂದ ಸಿಸ್ಟರ್ ಕೂಡ ಬಗ್ಗಿ ಕೇಳಿ, ಇರಲಿ ಬಿಡಿ ಎಂದು ಹೋದರು.

ಧ್ವನಿಯ ಗುಣಮಟ್ಟ ಸಾಧಾರಣ. ತಬಲಾ ಜೋಡಿಯಲ್ಲಿ ಎಡಗೈಯಿಂದ ನುಡಿಸುವ ಬಾಯಾಂನ ದಪ್ಪ ಸದ್ದು ದಿಂಬಿನ ಹತ್ತಿಯೊಳಗೇ ಉಳಿದುಬಿಡುತ್ತದೆ, ಆದರೆ ಮನುಷ್ಯನ ಕಂಠ ಚೆನ್ನಾಗಿ ದಾಟಿ ಬರುತ್ತದೆ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದದ್ದು. ಅದನ್ನು ಕೇಳುತ್ತಲೇ ಬೆಳೆದ ಅವ್ವನಿಗೆ ಬೇಕಾಗಿದ್ದದ್ದು ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಮತ್ತು ಭೀಮಸೇನ ಜೋಶಿಯವರ ದಾಸರ ಪದಗಳು, ಆದ್ದರಿಂದ ಆ ಕೊರತೆ ಆಕೆಗೆ ತಟ್ಟಲಿಲ್ಲ. ಮನಸ್ಸಿಗೆ ಹಿತವೆಂದು ನಾನು ಆರಿಸಿದ ಕೊಳಲು ವಾದನವನ್ನು ಆಕೆ ಎರಡನೆಯ ಬಾರಿ ಕೇಳಲಿಲ್ಲ. ಹಾಡಿನ ಆಯ್ಕೆಯನ್ನು ರೋಗಿಗೇ ಬಿಡಬೇಕೆಂಬುದು ನನಗೆ ಆಗ ಖಚಿತವಾಯಿತು.

2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಲೇಖನವೊಂದು ಬಂದಿತ್ತು. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸಂಗೀತ ಕೇಳಿದವರಲ್ಲಿ ನೋವು, ಆತಂಕ ಮತ್ತು ನೋವಿನ ಔಷಧಿಯ ಬಳಕೆ ಕಡಿಮೆಯಾಗಿದ್ದವು, ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಿರಲಿಲ್ಲ. ಅವ್ವನಿಗೂ ಮಾತ್ರೆ, ಇಂಜೆಕ್ಷನ್ ಯಾವುದೂ ತಪ್ಪಲಿಲ್ಲ. ಆದರೆ ಆಪರೇಷನ್ನಿನ ಮರುರಾತ್ರಿ, ಇಂಜೆಕ್ಷನ್ನಿನ ಪ್ರಭಾವ ಇಳಿದು ಮುಂದಿನದಕ್ಕೆ ಇನ್ನೂ ಹೊತ್ತಿದ್ದಾಗ, ಮಂಚದ ಸರಳನ್ನು ಬಿಗಿಹಿಡಿದಿದ್ದ ಆಕೆಯ ಕೈ ವಚನವೊಂದು ಮುಗಿಯುವುದರೊಳಗೆ ಸಡಿಲವಾದದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅದಕ್ಕಾಗಿ 650 ರೂಪಾಯಿಯ ಹತ್ತರಷ್ಟನ್ನಾದರೂ ಕೊಡುತ್ತಿದ್ದೆ.

ಕೊಳ್ಳುವವರು ತಿಳಿದಿರಬೇಕಾದ ದೋಷಗಳೂ ಇವೆ. ಸ್ಪೀಕರಿನಲ್ಲಿ ಸದ್ದು ಏರಿಸುವ, ಇಳಿಸುವ ಗುಂಡಿಯಿಲ್ಲ. ಎಲ್ಲವನ್ನೂ ಫೋನಿನಲ್ಲೇ ಮಾಡಬೇಕಾದ್ದರಿಂದ ರೋಗಿ ಪ್ರತಿ ಸಲವೂ ಇನ್ನೊಬ್ಬರನ್ನು ಕೇಳಬೇಕಾಗುತ್ತದೆ, ಮತ್ತು ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳುವ ಸ್ಥಿತಿಯಲ್ಲಿರುವವರಿಗೆ ಅದು ಸಣ್ಣ ಸಂಗತಿಯಲ್ಲ. ದುಂಡನೆಯ ಹಳೆಯ ಪಿನ್ ಆದ್ದರಿಂದ ಅನೇಕ ಹೊಸ ಫೋನುಗಳಿಗೆ ನೇರವಾಗಿ ಕೂರುವುದಿಲ್ಲ. ನಾನು ಸಿಮ್ ತೆಗೆದ ಹಳೆಯ ಫೋನಿಗೆ ಹಾಡುಗಳನ್ನು ಮೊದಲೇ ಇಳಿಸಿಕೊಂಡಿದ್ದೆ, ಏಕೆಂದರೆ ಮೊದಲ ರಾತ್ರಿ ಅಂತರ್ಜಾಲದಿಂದ ನುಡಿಸುತ್ತಿದ್ದಾಗ ವಚನದ ನಡುವೆ ಜಾಹೀರಾತೊಂದು ಅಬ್ಬರಿಸಿ ಅವ್ವ ಬೆಚ್ಚಿಬಿದ್ದಿದ್ದಳು. ವೈರು ಸಲೈನ್ ನಳಿಕೆಗೆ ಸಿಕ್ಕಿಕೊಳ್ಳದಂತೆ, ಸೂಜಿ ಚುಚ್ಚದ ಕೈಯ ಕಡೆಯಿಂದ ತಂದು ಮಂಚದ ತಲೆಗೆ ಕಟ್ಟಬೇಕು. ಸ್ಪೀಕರಿಗೆ ಹತ್ತಿಯ ಚೀಲ ಹೊಲಿಸಿ ದಿನವೂ ಒಗೆಯುವುದು ಒಳ್ಳೆಯದು. ಇದರೊಳಗೆ ಅಯಸ್ಕಾಂತವಿರುವುದರಿಂದ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು, ಎದೆಯ ಮೇಲಂತೂ ಇಡಲೇಬಾರದು. ಎಂಆರ್‌ಐ ಕೋಣೆಗೆ ಒಯ್ಯುವಂತೆಯೇ ಇಲ್ಲ.

ಅವ್ವ ಈಗ ವಾಕರ್ ಹಿಡಿದು ನಡೆಯುತ್ತಾಳೆ. ಸ್ಪೀಕರ್ ಮನೆಯಲ್ಲೂ ಆಕೆಯ ದಿಂಬಿನಡಿಯೇ ಇದೆ. ನಾಲ್ಕು ತಿಂಗಳಿಗೇ ವೈರಿನ ಬುಡದಲ್ಲಿ ಸದ್ದು ಕಡಿದುಹೋಗಲು ಶುರುವಾಗಿದೆ. ಗುಂಡಿಯಿರುವ ಇನ್ನೊಂದು ಸಿಕ್ಕೀತೇ ಎಂದು ಹುಡುಕುತ್ತಿದ್ದೇನೆ.