ಹನ್ನೊಂದು ತಿಂಗಳ ರೆಡಿಮೇಡ್ ಅಗ್ರಿಮೆಂಟ್: ಐದರಲ್ಲಿ ಎರಡು ಅಂಕ

ಬೆಂಗಳೂರಿನ ಟೈಪಿಂಗ್ ಅಂಗಡಿಗಳಲ್ಲಿ ಇ-ಸ್ಟಾಂಪ್ ಕಾಗದದ ಮೇಲೆ ನಿಂತ ನಿಲುವಿನಲ್ಲೇ ಮುದ್ರಿಸಿಕೊಡುವ ಬಾಡಿಗೆ ಅಗ್ರಿಮೆಂಟ್ ಬಾಡಿಗೆ, ಅಡ್ವಾನ್ಸ್, ನೋಟಿಸ್ ಅವಧಿ ಇಷ್ಟರ ಮಟ್ಟಿಗೆ ಅಡ್ಡಿಯಿಲ್ಲ. ಎಡವಟ್ಟಾಗುವುದು ಕೊನೆಯ ಪುಟದ ಒಂದು ಸಾಲಿನಲ್ಲಿ: ಮನೆಗೆ ಯಾವುದೇ ಹಾನಿಯಾದರೆ ಬಾಡಿಗೆದಾರರೇ ಭರಿಸತಕ್ಕದ್ದು.

ಕಾನೂನು ಇಷ್ಟು ಒರಟಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಸಹಜ ಸವೆತ ಮತ್ತು ತಡೆಯಲಾಗದ ಅವಘಡದಿಂದಾದ ಹಾನಿ ಬಾಡಿಗೆದಾರನ ತಲೆಗೆ ಬರುವುದಿಲ್ಲ. ಆದರೆ ಆ ಕಲಂ ಶುರುವಾಗುವುದೇ ಬೇರೆ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ ಎಂದು. ಆ ‘ಯಾವುದೇ’ಗೆ ಸಹಿ ಹಾಕಿದಿರೋ, ಕಾಯ್ದೆ ಕೊಟ್ಟ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಿರಿ ಎಂದು ಓನರ್ ವಾದಿಸಲು ದಾರಿಯಾಗುತ್ತದೆ.

ಕೈತಪ್ಪಿ ಬಿದ್ದ ಚೊಂಬಿನಿಂದ ವಾಶ್ ಬೇಸಿನ್ ಒಡೆದರೆ ಬಾಡಿಗೆದಾರನೇ ಕಟ್ಟಬೇಕು, ಅದರಲ್ಲಿ ಮಾತಿಲ್ಲ. ಜಗಳ ಹುಟ್ಟುವುದು ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿ. ಬಿರುಕು ಎಲ್ಲಿಂದ ಹೊರಟಿದೆ ನೋಡಿ. ಸಿಂಕ್‌ಗೆ ಕೊರೆದ ಮೂಲೆಯಿಂದ ಅಂಚಿನವರೆಗೆ ಕೂದಲೆಳೆಯಂತೆ ಹೋಗಿದ್ದರೆ ಅದು ಹೆಚ್ಚಾಗಿ ಕೂರಿಸಿದವರ ತಪ್ಪು: ಕೊರೆದ ಮೂಲೆ ಕಲ್ಲಿನ ದುರ್ಬಲ ಜಾಗ, ಅಡಿಯಲ್ಲಿ ಆಸರೆ ಸಾಲದಿದ್ದರೆ ಅಲ್ಲೇ ಸೀಳುತ್ತದೆ. ನಡುವೆ ಚಕ್ಕೆ ಎದ್ದು ಸುತ್ತ ಗೆರೆಗಳು ಹರಡಿದ್ದರೆ ಕುಕ್ಕರೋ ಒರಳುಗುಂಡೋ ಬಿದ್ದಿದೆ, ವಾದಿಸಿ ಪ್ರಯೋಜನವಿಲ್ಲ.

ಸುಟ್ಟ ಸಾಕೆಟ್ಟೂ ಹಾಗೆಯೇ. 2000 ವಾಟ್ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಹಾಕಿ ಓಡಿಸಿದರೆ ಕರಗುವುದೇ. ಖರ್ಚು ಬಾಡಿಗೆದಾರನದು. ಬೋರ್‌ವೆಲ್ ಗಡಸು ನೀರಿಗೆ ಪದರಗಟ್ಟಿ ಕೆಟ್ಟ ಗೀಸರ್ ಕಾಯಿಲ್ ಮಾತ್ರ ಸವೆತ, ಅಪಘಾತವಲ್ಲ. ಆದರೂ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಗೀಸರ್, ನಲ್ಲಿ, ಸ್ವಿಚ್ಚು, ಕಿಟಕಿ ಗಾಜಿನ ರಿಪೇರಿಯನ್ನು ಬಾಡಿಗೆದಾರನಿಗೇ ಹಚ್ಚಿದೆ. ಸುಣ್ಣಬಣ್ಣ, ಪೈಪು, ವೈರಿಂಗ್ ಓನರ್‌ಗೆ. ಅದು ರಾಜ್ಯ ಅಳವಡಿಸಿಕೊಂಡರೆ ಮಾತ್ರ ಅನ್ವಯ, ಆದರೆ ಚೌಕಾಶಿಗೆ ಒಳ್ಳೆಯ ನಮೂನೆ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಬೆಂಗಳೂರಿನ ರೂಢಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಟೈಪಿಸ್ಟ್ ಮುದ್ರಿಸುವ ಮುಂಚೆ ‘ಯಾವುದೇ ಹಾನಿ’ ಹೊಡೆಸಿ, ‘ಸಹಜ ಸವೆತ ಹೊರತುಪಡಿಸಿ, ಬಾಡಿಗೆದಾರರ ಅಜಾಗರೂಕತೆಯಿಂದಾದ ಹಾನಿ’ ಎಂದು ಬರೆಸಿ. ಕಡಿತ ವಸ್ತುವಿನ ವಯಸ್ಸಿಗೆ ತಕ್ಕಂತೆ, ಬಿಲ್ ತೋರಿಸಿಯೇ ಆಗಬೇಕು ಎಂಬುದೂ ಸೇರಲಿ: ಹತ್ತು ವರ್ಷ ಬಾಳಿಕೆಯ ಗೀಸರ್ ಎಂಟು ವರ್ಷ ತುಂಬಿದಾಗ ಒಡೆದರೆ ಐದನೇ ಒಂದು ಪಾಲು ಬೆಲೆ, ಹೊಸದರ ಪೂರ್ತಿ ಬೆಲೆಯಲ್ಲ. ಜೊತೆಗೆ ಒಂದು ಹಾಳೆ ಅನುಬಂಧ: ಕೋಣೆವಾರು ವಸ್ತು, ವಯಸ್ಸು, ಈಗಾಗಲೇ ಇರುವ ಬಿರುಕು, ಕಲೆ. ಇಬ್ಬರ ಸಹಿಯೂ ಇರಲಿ. ಸಾಮಾನು ಇಳಿಸುವ ಮೊದಲೇ ವಿಡಿಯೊ ಮಾಡಿ ಓನರ್‌ಗೆ ವಾಟ್ಸಾಪ್ ಕಳಿಸಿ. ತಾರೀಖಿಗೆ ಅದೇ ಸಾಕ್ಷಿ.

ಅಂಗಡಿಯವರು ಇದೆಲ್ಲಾ ಯಾಕೆ ಸಾರ್ ಅನ್ನುತ್ತಾರೆ. ಬರೆಸಿ, ಒಂದು ಪುಟದ ಟೈಪಿಂಗ್ ಕೂಲಿ ಹೆಚ್ಚಾಗುತ್ತದೆ ಅಷ್ಟೆ.